ತಪ್ಪಿದ ಮೂರು ಮಂಗಳವಾರ

ಬೆಳ್ಮಣ್ಣಿನ ಆಸುಪಾಸಿನಲ್ಲಿ ಹೆರಿಗೆಯಾದ ಮನೆಗೆ ಬಂದ ನೆಂಟರು ಮೊದಲು ಕೇಳುವುದು ಗಂಡೋ ಹೆಣ್ಣೋ ಎಂದು. ಅದರ ಬೆನ್ನಿಗೇ ಕೇಳುವುದು, ಮನೋರಮಕ್ಕನಿಗೆ ಹೇಳಿ ಆಯಿತಾ ಎಂದು. ಮೂವತ್ತೊಂದು ವರ್ಷ ಬಾಣಂತಿಯರನ್ನೂ ಹಸುಗೂಸುಗಳನ್ನೂ ಮೀಯಿಸಿದವಳು ಮನೋರಮ. ಶಿರ್ವ, ಮುದರಂಗಡಿ, ಅತ್ತ ಕಾಪುವಿನವರೆಗೂ ಅವಳನ್ನು ಕರೆದೊಯ್ಯಲು ಬೆಳಗಾಗುವ ಮೊದಲೇ ರಿಕ್ಷಾ ಬಂದು ನಿಲ್ಲುತ್ತಿತ್ತು.

ಬಚ್ಚಲಲ್ಲಿ ಮಣೆಯ ಮೇಲೆ ಕಾಲು ನೀಡಿ ಕೂತು, ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಸಿಕ್ಕಿಸಿ, ಎರಡು ಕಾಲುಗಳ ನಡುವಿನ ತಗ್ಗಿನಲ್ಲಿ ಮಗುವನ್ನು ಮಲಗಿಸಿಕೊಂಡಳೆಂದರೆ ಅವಳ ಮುಖವೇ ಬೇರೆಯಾಗುತ್ತಿತ್ತು. ಎಣ್ಣೆ ಹಚ್ಚಿದ ಕೂಸು ಕೈಯಿಂದ ಜಾರುವುದಕ್ಕೆ ಹೊತ್ತು ಬೇಡ. ಅವಳ ಕಾಲ ಮೇಲಿನಿಂದ ಒಂದೂ ಜಾರಿದ್ದಿಲ್ಲ. ಮೂಗನ್ನು ಎರಡು ಬೆರಳಲ್ಲಿ ನೀವಿ, ತಲೆಯನ್ನು ಅಂಗೈಯಲ್ಲಿ ಉರುಟಾಗಿಸಿ, ಬೆನ್ನ ಮೇಲೆ ಬಿಸಿನೀರು ಹೊಯ್ಯುತ್ತಾ ಹೋದರೆ, ಮೊದಲ ಚೊಂಬಿಗೆ ಅರಚಿದ ಮಗು ಐದನೆಯ ಚೊಂಬಿಗೆ ಕಣ್ಣು ಮುಚ್ಚುತ್ತಿತ್ತು.

ಈ ಕೆಲಸಕ್ಕೆ ಎರಡು ನಿಯಮಗಳಿದ್ದವು. ಅತ್ತೆಯಿಂದ ಅವಳಿಗೆ ಬಂದವು. ಜ್ವರವಿರುವ ಮೈಯಲ್ಲಿ, ಗಾಯವಿರುವ ಕೈಯಲ್ಲಿ ಮಗುವನ್ನು ಮುಟ್ಟಬಾರದು. ಮತ್ತು ಮೊದಲ ನೀರು ಹೊಯ್ದ ಕೈಯೇ ನಲ್ವತ್ತನೆಯ ದಿನದ ನೀರನ್ನೂ ಹೊಯ್ಯಬೇಕು, ನಡುವೆ ಕೈ ಬದಲಾಗಬಾರದು. ಬಾಣಂತನ ಒಪ್ಪಿಕೊಂಡ ತಿಂಗಳಲ್ಲಿ ಬೆರಳು ಕೊಯ್ದುಕೊಂಡೀತೆಂದು ಅವಳು ತನ್ನ ಮನೆಯಲ್ಲಿ ಮೀನು ಕೊಯ್ಯುತ್ತಿರಲಿಲ್ಲ. ಹಾಗೆಂದು ಗಂಡ ತಾರಾನಾಥ ಕೊಯ್ದನೆಂದಲ್ಲ. ಆ ತಿಂಗಳು ಮನೆಗೆ ಮೀನೇ ಬರುತ್ತಿರಲಿಲ್ಲ. ಕಾರ್ಕಳ–ಉಡುಪಿ ಬಸ್ಸಿನಲ್ಲಿ ಕಂಡಕ್ಟರನಾಗಿದ್ದ ತಾರಾನಾಥ, "ನಮ್ಮ ಮನೆಯಲ್ಲಿ ಬಾಣಂತನ ಊರಿನವರಿಗೆ, ಪಥ್ಯ ನನಗೆ" ಎಂದು ಬಸ್ಸಿನವರ ಮುಂದೆ ನಗೆಯಾಡುತ್ತಿದ್ದ.

ಅವಳ ಸ್ವಂತ ಬಾಣಂತನ ಹನ್ನೆರಡು ದಿನದ್ದು. ಮಗಳು ದೀಕ್ಷಿತಾ ಹುಟ್ಟಿದ ಹದಿಮೂರನೆಯ ದಿನ ಅತ್ತೆಗೆ ಸೊಂಟ ಹಿಡಿಯಿತು. ಅಂದು ಮೊದಲ ನೀರು ಹೊಯ್ಯಲು ಅತ್ತೆ ಒಪ್ಪಿಕೊಂಡ ಮನೆಯೊಂದಿತ್ತು. ಮನೋರಮ ಹೊಟ್ಟೆಗೆ ಬಟ್ಟೆ ಬಿಗಿದುಕೊಂಡು ಎದ್ದು ಹೋಗಿ ಇನ್ನೊಬ್ಬರ ಮಗುವನ್ನು ಮೀಯಿಸಿ ಬಂದಳು. ಅಂದಿನಿಂದ ನಿಂತದ್ದಿಲ್ಲ.

ದಿನಕ್ಕೆ ಎರಡು ಮನೆ, ಕೆಲವೊಮ್ಮೆ ಮೂರು. ಆರಕ್ಕೆ ಹೊರಟರೆ ಮರಳುವಾಗ ಮಧ್ಯಾಹ್ನ ದಾಟುತ್ತಿತ್ತು. ಆ ಮನೆಗಳಲ್ಲಿ ಅವಳಿಗೆ ಚಹಾ ಇತ್ತು, ದೋಸೆ ಇತ್ತು, ಹೊರಡುವಾಗ ವೀಳ್ಯದೆಲೆ ಇತ್ತು. ಕಕ್ಕಸು ಎಲ್ಲಿದೆಯೆಂದು ಮಾತ್ರ ಯಾರೂ ತೋರಿಸುತ್ತಿರಲಿಲ್ಲ. ಹೊಸ ಮನೆಗಳಲ್ಲಿ ಅದು ಮಲಗುವ ಕೋಣೆಯ ಒಳಗಿರುತ್ತದೆ, ಕೇಳುವುದಾದರೂ ಹೇಗೆ? ಅವಳು ಚಹಾವನ್ನು ಅರ್ಧ ಕುಡಿದು ಇಡುವುದನ್ನು ಕಲಿತಳು. ಮನೆ ತಲುಪುವ ತನಕ ತಡೆದುಕೊಳ್ಳುವುದನ್ನೂ ಕಲಿತಳು.

ಐವತ್ತನಾಲ್ಕನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಒಂದಕ್ಕೆ ಹೋದಾಗ ಕೆಂಪು ಕಂಡಿತು. ಮುಟ್ಟು ನಿಂತು ಐದು ವರ್ಷವಾಗಿತ್ತು. ನೋವಿಲ್ಲ, ಉರಿಯಿಲ್ಲ. ಹೆಂಗಸಿಗೆ ರಕ್ತ ಹೊಸತೇ ಎಂದು ನೀರು ಹೊಯ್ದು ಬಂದಳು. ಮತ್ತೆ ಒಂದು ತಿಂಗಳು ಕಾಣಲಿಲ್ಲ, ಮತ್ತೆ ಕಂಡಿತು. ಡಾಕ್ಟರೊಬ್ಬರು ಸೋಂಕು ಎಂದು ಎರಡು ಸಲ ಮಾತ್ರೆ ಕೊಟ್ಟರು. ಹೀಗೆ ಎಂಟು ತಿಂಗಳು. ಅಷ್ಟರಲ್ಲಿ ಪರ್ಕಳದಲ್ಲಿ ಗಂಡನೊಂದಿಗೆ ಬಾಡಿಗೆ ಮನೆಯಲ್ಲಿದ್ದ ದೀಕ್ಷಿತಾ ಬಸುರಾಗಿ ತವರಿಗೆ ಬಂದಳು. ಒಂದು ದಿನ ಟ್ಯಾಂಕಿಯಲ್ಲಿ ನೀರಿರಲಿಲ್ಲ. ತಾಯಿ ಕೊಡಪಾನದಲ್ಲಿ ನೀರು ತರಲು ಬಾವಿಗೆ ಹೋದ ಹೊತ್ತಿನಲ್ಲಿ ಮಗಳು ಕಕ್ಕಸಿನ ಬಾಗಿಲು ತೆಗೆದಳು. ಒಳಗೆ ಪುನರ್ಪುಳಿಯ ಕೆಂಪು ಶರಬತ್ತು ಚೆಲ್ಲಿದ ಹಾಗಿತ್ತು.

"ಇದು ಎಷ್ಟು ದಿನದಿಂದ ಅಮ್ಮ?"

"ಎಂತದೂ ಇಲ್ಲ ಮಗಾ. ಉಷ್ಣ."

"ಉಷ್ಣ ಅಂತೆ! ನಾಳೆ ಮಣಿಪಾಲಕ್ಕೆ ಹೋಗುವ. ನೀನು ಬರದಿದ್ದರೆ ನಾನು ಊಟ ಮಾಡುದಿಲ್ಲ. ಹೊಟ್ಟೆಯಲ್ಲಿರುವುದಕ್ಕೂ ಕೊಡುದಿಲ್ಲ."

ಮಗಳು ಹಾಗೆ ಹಠ ಹಿಡಿದು ಕರೆದುಕೊಂಡು ಹೋದಳು. ಮಣಿಪಾಲದ ದೊಡ್ಡ ಆಸ್ಪತ್ರೆಯಲ್ಲಿ ಸಪೂರ ನಳಿಗೆಯನ್ನು ಒಳಗೆ ಬಿಟ್ಟು ನೋಡಿ, ಮೂತ್ರಕೋಶದಲ್ಲಿ ಗಡ್ಡೆ ಎಂದರು. ಒಳಗಿನಿಂದಲೇ ಕೆರೆದು ತೆಗೆದರು. ಮೇಲಿನ ಪದರದಲ್ಲೇ ಇದೆ, ಮಾಂಸಕ್ಕೆ ಇಳಿದಿಲ್ಲ ಎಂದರು. ಆದರೆ ಗುಣ ಕೆಟ್ಟದ್ದು, ಸುಮ್ಮನೆ ಬಿಟ್ಟರೆ ಮತ್ತೆ ಮೂಡುತ್ತದೆ, ಆಗ ಆಳಕ್ಕೂ ಇಳಿಯಬಹುದು. ಆದ್ದರಿಂದ ಆರು ವಾರ, ವಾರಕ್ಕೊಮ್ಮೆ, ಮೂತ್ರಕೋಶದೊಳಗೇ ಒಂದು ಮದ್ದು ತುಂಬಿಸಬೇಕು. ಮಂಗಳವಾರ ಎಂದು ನಿಗದಿಯಾಯಿತು.

ಮದ್ದಿನ ವಿಷಯ ಬಿಡಿಸಿ ಹೇಳಿದವರು ಲೀನಾ ಸಿಸ್ಟರ್. ಮೂವತ್ತೈದರ ಒಳಗಿನ ಹೆಂಗಸು, ಮಾತಿನ ತುಂಬ ನಗು.

"ಮಗು ಹುಟ್ಟಿದ ಕೂಡ್ಲೆ ಎಡ ರಟ್ಟೆಗೆ ಒಂದು ಸೂಜಿ ಕೊಡ್ತೇವಲ್ಲ ಅಮ್ಮ, ಕ್ಷಯ ಬಾರದ ಹಾಗೆ, ಬಿಸಿಜಿ ಅಂತ. ಅದೇ ಮದ್ದು ಇದು."

"ಅದಾ?" ಮನೋರಮಳ ಮುಖ ಅರಳಿತು. "ಅದು ನನ್ನ ಗುರುತಿನದ್ದು ಸಿಸ್ಟರ್. ತಿಂಗಳು ಕಳೆದ ಮೇಲೆ ಅಲ್ಲಿ ಬೊಕ್ಕೆ ಏಳ್ತದೆ, ಹಣ್ಣಾಗ್ತದೆ. ಹುಡುಗಿಯರು ಹೆದರ್ತಾರೆ. ಹಣ್ಣಾದರೆ ಒಳ್ಳೆಯದು, ಎಣ್ಣೆ ತಾಗಿಸಬೇಡಿ ಅಂತ ನಾನೇ ಹೇಳುದು."

"ಮತ್ತೆಂತ, ನಿಮಗೆ ಪಾಠ ಬೇಡ. ಅದು ಕ್ಷಯದ ಕ್ರಿಮಿಯ ನೆಂಟ, ಹಲ್ಲು ಕಿತ್ತು ಇಟ್ಟದ್ದು. ಅದೇ ಗಡ್ಡೆಯನ್ನು ತಿನ್ನುದಲ್ಲ ಮತ್ತೆ. ಗಡ್ಡೆ ನಮ್ಮ ಮೈಯಲ್ಲೇ ಹುಟ್ಟಿದ್ದಲ್ವಾ? ಮೈಯ ಕಾವಲಿನವರು ಇವ ಮನೆಯವನೇ ಅಂತ ಸುಮ್ಮನಿರ್ತಾರೆ. ಈ ಕ್ರಿಮಿಯ ಮೈಮೇಲೆ ಒಂದು ಹೊದಿಕೆ ಉಂಟು. ಅದು ಕಂಡ ಕೂಡ್ಲೆ, ಹೊರಗಿನವ ಬಂದ ಅಂತ ಕಾವಲಿನವರು ಎಲ್ಲ ಎದ್ದು ಓಡಿ ಬರ್ತಾರೆ. ಬಂದವರ ಕಣ್ಣಿಗೆ ಅಲ್ಲೇ ಅಡಗಿದ ಗಡ್ಡೆಯ ಚೂರೂ ಬೀಳ್ತದೆ."

"ನಾಯಿ ಬೊಗಳಿದ್ದು ಪೋಸ್ಟ್‌ಮ್ಯಾನಿಗೆ, ಸಿಕ್ಕಿಬಿದ್ದದ್ದು ಹಿತ್ತಿಲಿನ ಕಳ್ಳ."

"ಅಷ್ಟೇ ಮಾರಾಯ್ರೇ! ನಾಳೆಯಿಂದ ನಾನೂ ಹಾಗೇ ಹೇಳ್ತೇನೆ. ಆದರೆ ಆ ನಾಯಿ ಒಂದೆರಡು ಸಲ ಬೊಗಳಿದರೆ ಸಾಕಾಗುದಿಲ್ಲ. ಆರು ಆಗಬೇಕು. ನಡುವೆ ಬಿಟ್ಟರೆ ಮತ್ತೆ ಮಲಗ್ತದೆ. ಜ್ವರ ಬರಬಹುದು, ಚಳಿ ಬರಬಹುದು. ಅದು ಎಚ್ಚರವಾದ ಲಕ್ಷಣ. ಎರಡು ದಿನದಲ್ಲಿ ಇಳಿಯದಿದ್ದರೆ ಫೋನ್ ಮಾಡಿ. ನಿಮ್ಮ ನಂಬರ್ ಹೇಳಿ."

ತಾರಾನಾಥ ಮುಂದೆ ಬಂದು ತನ್ನ ನಂಬರ್ ಹೇಳಿದ. "ಅವಳ ಫೋನ್ ಅಡಿಗೆಮನೆಯಲ್ಲಿ ಎಲ್ಲಿಯೋ ಇರ್ತದೆ ಸಿಸ್ಟರ್. ನನ್ನದಾದರೆ ಕಿಸೆಯಲ್ಲೇ ಇರ್ತದೆ."

ಮಂಗಳವಾರಗಳಂದು ಅವಳು ನಾಲ್ಕಕ್ಕೆ ಎದ್ದು ಗಂಜಿ, ಪದಾರ್ಥ, ಮಗಳಿಗೆ ಬೇರೆಯೇ ಪಲ್ಯ ಎಲ್ಲ ಮಾಡಿಟ್ಟು, ಒಂದು ತೊಟ್ಟು ನೀರು ಕುಡಿಯದೆ ಬೆಳ್ಮಣ್ಣಿನಿಂದ ಕಾರ್ಕಳಕ್ಕೆ, ಕಾರ್ಕಳದಿಂದ ಮಣಿಪಾಲಕ್ಕೆ ಬಸ್ಸು ಹತ್ತುತ್ತಿದ್ದಳು. ಊರಿನ ಹೆಂಗಸರ ಮೈಯನ್ನೆಲ್ಲ ಸ್ವಂತ ಮೈಯ ಹಾಗೆ ಬಲ್ಲವಳು, ತನ್ನ ಮೈಯನ್ನು ಇನ್ನೊಬ್ಬರು ನೋಡುವಾಗ ಮುಖವನ್ನು ಗೋಡೆಗೆ ತಿರುಗಿಸಿದಳು. ಸಪೂರ ನಳಿಗೆಯಲ್ಲಿ ಮದ್ದು ಒಳಗೆ ಹೋದ ಮೇಲೆ ಎರಡು ಗಂಟೆ ತಡೆದುಕೊಂಡಿರಬೇಕು. ಬೆನ್ನ ಮೇಲೆ, ಎಡಕ್ಕೆ, ಬಲಕ್ಕೆ, ಹೊಟ್ಟೆಯ ಮೇಲೆ, ಹೀಗೆ ಹೊರಳುತ್ತಿದ್ದರೆ ಮದ್ದು ಎಲ್ಲ ಕಡೆ ತಾಗುತ್ತದೆ.

ಅಲ್ಲಿಗೆ ಬರುವವರು ಹೆಚ್ಚಿನವರೂ ಗಂಡಸರು. ಹೆಜಮಾಡಿಯ ದೂಮಪ್ಪನೆಂಬವನು, ದೋಣಿಯಲ್ಲಿ ಕಡಲಿಗೆ ಹೋಗಿ ಹೋಗಿ ಮೈ ಕಪ್ಪಾದವನು, ಅವಳ ದಿನವೇ ಬರುತ್ತಿದ್ದ. ಮುಕ್ಕಾಲು ಗಂಟೆಯಾಗುವಾಗ ಅವನು ಪಂಚೆ ಹಿಡಿದುಕೊಂಡು ಕಾರಿಡಾರಿನಲ್ಲಿ ಓಡಾಡುವುದನ್ನು ನೋಡಿ ಲೀನಾ ಸಿಸ್ಟರ್ ಗದರಿಸುವರು.

"ನಿಮ್ಮಿಂದ ಹೇಗೆ ಆಗ್ತದೆ ಅಕ್ಕ?" ದೂಮಪ್ಪ ಕೇಳಿದ. "ಎರಡು ಗಂಟೆ! ನಿಮಗೆ ಅದು ಎಲ್ಲಿ ಹೋಗಿ ಕೂತುಕೊಳ್ತದೆ?"

"ನೀವು ಎಲ್ಲಿ ಬೇಕಾದರೂ ನಿಂತುಕೊಂಡವರು. ನಾನು ಮೂವತ್ತು ವರ್ಷ ತಡೆದವಳು. ಎರಡು ಗಂಟೆ ನನಗೆ ಒಂದು ಲೆಕ್ಕವಾ?"

ದೂಮಪ್ಪ ಹೋ ಎಂದು ನಕ್ಕ. ಮತ್ತೆ ಅವನೇ ಮಾತು ತೆಗೆದ. "ಮನೆಗೆ ಹೋದ ಮೇಲೆ ಆ ಬ್ಲೀಚಿಂಗ್ ಪೌಡರಿನ ಕೆಲಸ ಒಂದು ಉಂಟಲ್ಲ, ಅದು ಕಷ್ಟ."

ಮದ್ದು ಹಾಕಿಸಿಕೊಂಡ ಮೇಲೆ ಆರು ಗಂಟೆ ಕಾಲ ಒಂದಕ್ಕೆ ಹೋದಾಗಲೆಲ್ಲ ಬ್ಲೀಚಿಂಗ್ ಪೌಡರ್ ಕಲಸಿದ ನೀರು ಹೊಯ್ದು, ಕಾಲು ಗಂಟೆ ಬಿಟ್ಟು ತೊಳೆಯಬೇಕೆಂದಿದ್ದರು. ಜೀವವಿರುವ ಕ್ರಿಮಿ, ಬೇರೆಯವರಿಗೆ ತಾಗಬಾರದು.

"ಕಷ್ಟ ಹೌದು. ನೀವು ಎಷ್ಟು ಹಾಕುದು, ಒಂದು ಚಮಚವಾ?"

"ನನಗೆಂತ ಗೊತ್ತು? ಹೆಂಡತಿ ಹಾಕುದು. ನನಗೆ ಅದರ ವಾಸನೆ ಆಗುದಿಲ್ಲ."

ಮನೋರಮಳಿಗೆ ಆ ಅನುಕೂಲವಿರಲಿಲ್ಲ. ಸಂಜೆ ಮನೆಗೆ ಬಂದರೆ ಒಳಗೆ ಕೆಂಡ ಇಟ್ಟ ಹಾಗೆ ಉರಿ, ಮೈಯೆಲ್ಲ ಚಳಿ. ಕಾಲು ಗಂಟೆಗೊಮ್ಮೆ ಓಡಬೇಕು, ಓಡಿದಾಗಲೆಲ್ಲ ಅವಳೇ ಪುಡಿ ಕಲಸಬೇಕು, ಅವಳೇ ಬಗ್ಗಿ ತಿಕ್ಕಬೇಕು. ಬಸುರಿಯ ಕೈಯಲ್ಲಿ ಮಾಡಿಸುವುದುಂಟೇ? ತಾರಾನಾಥ ಆ ದಿನ ಕಕ್ಕಸಿಗೆ ಪಕ್ಕದ ಮನೆಗೆ ಹೋಗುತ್ತಿದ್ದ. "ನಿನಗೇ ಇರ್ಲಿ, ನಿನಗೆ ತೊಂದರೆ ಬೇಡ" ಎಂದು ಅದನ್ನೊಂದು ಉಪಕಾರದ ಹಾಗೆ ಹೇಳುತ್ತಿದ್ದ. ಅವನು ಕೆಟ್ಟವನಲ್ಲ. ಬಸ್ಸಿನವರಿಗೆಲ್ಲ ಫೋನ್ ಮಾಡಿ ಅವಳಿಗೆ ಕಿಟಕಿಯ ಸೀಟು ಹೇಳಿಡುತ್ತಿದ್ದ. ಕೂತ ಸೀಟಿನಿಂದ ಇಳಿದು ಮನೆಗೆ ಬಂದ ಮೇಲೆ ಅವಳಿಗೆ ಏನು ಬೇಕಾಗುತ್ತದೆ ಎಂಬುದು ಅವನ ತಲೆಗೆ ಹೊಳೆಯುತ್ತಿರಲಿಲ್ಲ, ಅಷ್ಟೆ.

ಮೂರನೆಯ ಮಂಗಳವಾರ ಜ್ವರ ಜೋರಾಗಿ ಬಂದು ಗುರುವಾರ ಇಳಿಯಿತು. ಇನ್ನು ಮೂರು. ಅದು ಮುಗಿದ ವಾರವೇ ದೀಕ್ಷಿತಾಳ ದಿನ ತುಂಬುವುದಿತ್ತು. ಮದ್ದಿಗೆ ಆರು ವಾರ, ಆಮೇಲೆ ಮಗಳಿಗೆ ಆರು ವಾರ ಎಂದು ಮನೋರಮ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದಳು. ಮೊಮ್ಮಗುವನ್ನು ತನ್ನ ಕಾಲ ಮೇಲೆ ಮಲಗಿಸಿ ನೀರು ಹೊಯ್ಯಬೇಕು. ಮೂವತ್ತೊಂದು ವರ್ಷ ಅವರಿವರ ಮಕ್ಕಳಿಗೆ ಹೊಯ್ದದ್ದು ಇದಕ್ಕಾಗಿಯೇ ಎಂಬಂತೆ ಅದೊಂದೇ ಆಸೆ. ಬಾಣಂತಿಯ ನೀರಿಗೆ ಹಾಕುವ ನೆಕ್ಕಿಸೊಪ್ಪು ಎಲ್ಲಿ ಚೆನ್ನಾಗಿ ಚಿಗುರಿದೆಯೆಂದು ನೋಡಿ ಇಟ್ಟಿದ್ದಳು. ಹಳೆಯ ಸೀರೆಗಳನ್ನು ಕುದಿಸಿ ಒಣಗಿಸಿ ಮಡಚಿಟ್ಟಿದ್ದಳು.

ಆದರೆ ಭಾನುವಾರ ಬೆಳಿಗ್ಗೆ, ಮೂರು ವಾರ ಮೊದಲೇ, ದೀಕ್ಷಿತಾಳಿಗೆ ನೀರು ಹೋಯಿತು. ಕಾರ್ಕಳದ ಆಸ್ಪತ್ರೆಯಲ್ಲಿ ಮಧ್ಯಾಹ್ನದೊಳಗೆ ಹೆರಿಗೆ. ಹೆಣ್ಣು. ಸಣ್ಣದು, ಆದರೆ ಗಟ್ಟಿ.

ಸೋಮವಾರ ಸಂಜೆ ಮನೋರಮ ಬರ್ತಾಬಾಯಿಯ ಮನೆಗೆ ಹೋದಳು. ಊರಿನಲ್ಲಿ ಈ ಕೆಲಸ ಬಲ್ಲವರೆಂದು ಉಳಿದದ್ದು ಅವಳೊಬ್ಬಳು, ಎಪ್ಪತ್ತರ ಹತ್ತಿರ. "ನಲ್ವತ್ತು ದಿನ ನಾನು ಬರ್ತೇನೆ ಮಾರಾಯ್ತಿ," ಎಂದಳು ಬರ್ತಾ. "ಮೊಣಕಾಲು ನೋಯ್ತದೆ, ನೋಯ್ಲಿ. ನಿನ್ನ ಮದ್ದು ಬಿಡಬೇಡ." ಮನೋರಮ ಮಗಳಿದ್ದ ಆಸ್ಪತ್ರೆಗೆ ಹೋಗಿ ಅದನ್ನೇ ಹೇಳಿದಳು. ತಾರಾನಾಥ ಕಿಟಕಿಯ ಹೊರಗೆ ನೋಡುತ್ತಿದ್ದವನು ತಿರುಗಿದ.

"ಇಡೀ ಊರಿನ ಮಕ್ಕಳನ್ನು ಮೀಯಿಸಿದವಳು ನೀನು. ಸ್ವಂತ ಮಗಳಿಗೆ ಬೇರೆಯವರಾ? ಜನ ಎಂತ ಹೇಳಬೇಕು?"

ದೀಕ್ಷಿತಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೊಲಿಗೆ ನೋಯುತ್ತಿರಬೇಕು ಎಂದುಕೊಂಡಳು ತಾಯಿ.

ನಾಲ್ಕನೆಯ ಮಂಗಳವಾರವೇ ಮಗು ಮನೆಗೆ ಬರುವ ದಿನವಾಯಿತು. ಒಂದು ವಾರ ತಡವಾದರೆ ಏನಾದೀತು ಎಂದು ಅವಳು ಮಣಿಪಾಲಕ್ಕೆ ಹೋಗಲಿಲ್ಲ. ಬುಧವಾರ ಬೆಳಿಗ್ಗೆ ಹಂಡೆಯ ಕೆಳಗೆ ಬೆಂಕಿ ಹಾಕಿ, ಮಣೆಯ ಮೇಲೆ ಕೂತು, ಕಾಲು ನೀಡಿದಳು. ಮೊದಲ ನೀರು ಬಿತ್ತು. ಅಲ್ಲಿಗೆ ಅವಳ ಕೈ ನಲ್ವತ್ತನೆಯ ದಿನದ ತನಕ ಕಟ್ಟಿಬಿದ್ದಿತು.

ಮುಂದಿನ ಮಂಗಳವಾರದ ಹಿಂದಿನ ದಿನ ಅವಳು ತುಂಬ ಯೋಚಿಸಿದಳು. ಹೋದರೆ ಜ್ವರ ಬರುತ್ತದೆ. ಎರಡು ದಿನ ಮಗುವನ್ನು ಮುಟ್ಟುವ ಹಾಗಿಲ್ಲ. ನೀರು ತಪ್ಪುತ್ತದೆ, ಇಲ್ಲವೇ ಕೈ ಬದಲಾಗುತ್ತದೆ. ಆಸ್ಪತ್ರೆಯವರಿಗೆ ಬ್ಲೀಚಿಂಗ್ ಪೌಡರ್ ಬೇಕಾಗುವಷ್ಟು ಜೀವವಿರುವ ಕ್ರಿಮಿಯನ್ನು ಮೈಯೊಳಗೆ ಇಟ್ಟುಕೊಂಡು, ಅದೇ ಕೈಯಿಂದ ದಿನ ತುಂಬದೆ ಹುಟ್ಟಿದ ಕೂಸಿನ ಬಾಯಿ ಒರೆಸುವುದೇ? ಕೈ ತೊಳೆದುಕೊಂಡರೆ ಮಗುವನ್ನು ಎತ್ತಿಕೊಳ್ಳಬಹುದೇ ಎಂದು ಲೀನಾ ಸಿಸ್ಟರನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಬನ್ನಿ ಎನ್ನುತ್ತಾರೆ ಎಂಬುದು ಅವಳಿಗೆ ಒಳಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

ಬೆಳಿಗ್ಗೆ ಎಣ್ಣೆ ಬಿಸಿ ಮಾಡುತ್ತಾ, ಯಾರನ್ನೂ ನೋಡದೆ, "ಮದ್ದು ಸ್ಟಾಕ್ ಇಲ್ಲವಂತೆ. ಬಂದ ಮೇಲೆ ಹೇಳ್ತಾರಂತೆ" ಎಂದಳು.

"ಹೌದಾ?" ಎಂದ ತಾರಾನಾಥ.

"ಹಾಗಾದರೆ ನೀನು ಇಲ್ಲೇ ಇರ್ತೀಯಾ?" ಎಂದಳು ದೀಕ್ಷಿತಾ.

ಅಷ್ಟೇ. ಮನೋರಮ ಇನ್ನೂ ನಾಲ್ಕು ಮಾತಿಗೆ ತಯಾರಾಗಿದ್ದಳು, ಬೇಕಾಗಲಿಲ್ಲ. ಆರನೆಯ ಮಂಗಳವಾರಕ್ಕೆ ಆ ಸುಳ್ಳೂ ಬೇಕಾಗಲಿಲ್ಲ.

ಆ ನಲ್ವತ್ತು ದಿನ ಅವಳಷ್ಟು ಸುಖಿ ಬೆಳ್ಮಣ್ಣಿನಲ್ಲಿ ಇರಲಿಲ್ಲವೇನೋ. ಕೆಲಸಕ್ಕೆ ಲೆಕ್ಕವಿರಲಿಲ್ಲ. ಬಾಣಂತಿಗೆ ಎಣ್ಣೆ, ಬಾಣಂತಿಗೆ ನೀರು, ಮಗುವಿಗೆ ನೀರು, ಸಾಂಬ್ರಾಣಿ, ಬಟ್ಟೆಯ ರಾಶಿ, ಮೆಂತೆಗಂಜಿ, ಬೆಳ್ಳುಳ್ಳಿ ಪದಾರ್ಥ, ಗಂಡನಿಗೆ ಬೇರೆ ಪದಾರ್ಥ, ಪರ್ಕಳದಿಂದ ವಾರಕ್ಕೊಮ್ಮೆ ಬರುವ ಅಳಿಯನಿಗೆ ಕೋಳಿ. ಆದರೂ ಬೆಳಿಗ್ಗೆ ಏಳಕ್ಕೆ ಬಚ್ಚಲಿನ ಬಾಗಿಲು ಮುಚ್ಚಿದರೆ ಒಳಗೆ ಹೊಗೆ, ಹಬೆ, ಕಾಲ ಮೇಲೆ ಆ ಒಂದು ಹಿಡಿ ಜೀವ. ಮದ್ದು ಬಿಟ್ಟಿದ್ದರಿಂದ ಒಳಗಿನ ಉರಿ ಹೋಗಿತ್ತು. ಕೆಂಪೂ ಕಾಣಲಿಲ್ಲ. ಮೂರರಲ್ಲೇ ಗುಣವಾಗಿದೆ ಎಂದುಕೊಂಡಳು. ಐದನೆಯ ವಾರ ಮಗುವಿನ ಎಡ ರಟ್ಟೆಯ ಸೂಜಿಯ ಜಾಗದಲ್ಲಿ ಬೊಕ್ಕೆ ಎದ್ದು ಹಣ್ಣಾಯಿತು. ಎಣ್ಣೆಯ ಬೆರಳನ್ನು ಅದರ ಸುತ್ತ ತಪ್ಪಿಸಿ ಒಯ್ಯುತ್ತಾ, "ನಿನ್ನ ಕಾವಲಿನವರು ಎದ್ದರು ನೋಡು, ಮಗಾ. ನನ್ನವರೂ ಎದ್ದಿದ್ದಾರೆ" ಎಂದಳು.

ನಲ್ವತ್ತಾದ ಮೇಲೆ ಮಣಿಪಾಲಕ್ಕೆ ಹೋದಳು. ನಳಿಗೆ ಬಿಟ್ಟು ನೋಡಿದ ಡಾಕ್ಟರು ಎರಡು ದಿನ ಉಳಿಸಿಕೊಂಡು ಮತ್ತೆ ಕೆರೆದು ಪರೀಕ್ಷೆಗೆ ಕಳಿಸಿದರು. "ಮುಂದಿನ ವಾರ ಬರುವಾಗ ಮನೆಯವರನ್ನೂ ಕರೆದುಕೊಂಡು ಬನ್ನಿ" ಎಂದರು.

ಮನೆಯವರೆಲ್ಲ ಬಂದರು. ತಾರಾನಾಥ, ಮಗುವನ್ನು ಎದೆಗೊತ್ತಿಕೊಂಡ ದೀಕ್ಷಿತಾ. ಕಾರಿಡಾರಿನಲ್ಲಿ ದೂಮಪ್ಪ ಸಿಕ್ಕಿದ. ಹೊಸ ಅಂಗಿ ಹಾಕಿದ್ದ, ಪಕ್ಕದಲ್ಲಿ ಹೆಂಡತಿ.

"ನನ್ನದು ಚೊಕ್ಕ ಆಗಿದೆಯಂತೆ ಅಕ್ಕ! ಇನ್ನು ಮೂರು ತಿಂಗಳಿಗೊಮ್ಮೆ ಬಂದರೆ ಸಾಕಂತೆ. ನೀವು ಎಲ್ಲಿ ಮಾಯವಾದದ್ದು? ನಿಮ್ಮನ್ನು ಕಾಣದೆ ನಾನು ಎರಡು ಗಂಟೆ ಹೇಗೆ ತಡೆದೆ ಅಂತ ದೇವರಿಗೇ ಗೊತ್ತು."

"ಮಗಳ ಬಾಣಂತನ ಇತ್ತು," ಎಂದಳು ಮನೋರಮ. ದೂಮಪ್ಪನ ಹೆಂಡತಿಯ ಕಡೆ ನೋಡಿದಳು. ಆ ಹೆಂಗಸಿನ ಬೆರಳ ತುದಿಗಳು ಬ್ಲೀಚಿಂಗ್ ಪೌಡರಿಗೆ ಬಿಳಿಚಿ ಸುಲಿದಿದ್ದವು.

ಡಾಕ್ಟರು ಕಾಗದದ ಮೇಲೆ ಒಂದು ಉರುಟು ಬರೆದು, ಅದರ ಗೋಡೆಯನ್ನು ದಪ್ಪ ಮಾಡಿ, ಪೆನ್ನಿನ ತುದಿಯನ್ನು ಆ ಗೋಡೆಯೊಳಕ್ಕೆ ಇಳಿಸಿದರು. ಈ ಸಲ ಮಾಂಸಕ್ಕೆ ಇಳಿದಿದೆ. ಇನ್ನು ಆ ಮದ್ದು ಸಾಲದು. ಮೂತ್ರಕೋಶವನ್ನೇ ತೆಗೆಯಬೇಕು, ಅದರ ಜೊತೆ ಗರ್ಭಕೋಶವನ್ನೂ. ಹೊಟ್ಟೆಯ ಮೇಲೆ ಒಂದು ದ್ವಾರ ಮಾಡುತ್ತಾರೆ. ಅಲ್ಲಿ ಅಂಟಿಸಿದ ಚೀಲದಲ್ಲಿ ಮೂತ್ರ ತುಂಬುತ್ತದೆ, ಜೀವವಿರುವ ತನಕ. ಅದೂ ಬೇಗ ಆಗಬೇಕು. ಬೇರೆಡೆಗೆ ಹರಡಿದೆಯೋ ಇಲ್ಲವೋ ತೆರೆದ ಮೇಲೆಯೇ ಸರಿಯಾಗಿ ಗೊತ್ತಾಗುವುದು.

"ಮಣೆಯಲ್ಲಿ ಕೂತುಕೊಳ್ಳಲಿಕ್ಕೆ ಆಗ್ತದಾ?" ಮನೋರಮ ಕೇಳಿದಳು. "ಕಾಲು ನೀಡಿ, ಮುಂದಕ್ಕೆ ಬಗ್ಗಿ?"

ಡಾಕ್ಟರಿಗೆ ಅರ್ಥವಾಗಲಿಲ್ಲ. "ಭಾರ ಎತ್ತುವುದು, ಬಗ್ಗುವುದು ಎಲ್ಲ ಇನ್ನು ಕಡಿಮೆ ಮಾಡಬೇಕು ಅಮ್ಮ. ಮೂರು ಡೋಸ್ ಯಾಕೆ ಬಿಟ್ಟಿರಿ?"

"ಬಿಡದಿದ್ದರೆ ಹೀಗಾಗ್ತಿರಲಿಲ್ಲವಾ?" ದೀಕ್ಷಿತಾ ಕೇಳಿದಳು.

"ಹಾಗೆ ಹೇಳಲಿಕ್ಕೆ ಬರುದಿಲ್ಲ. ಆರೂ ತೆಗೆದುಕೊಂಡವರಲ್ಲೂ ಕೆಲವರಿಗೆ ಮರಳಿ ಬರ್ತದೆ. ಆದರೆ ತಪ್ಪಿಸುವ ಅವಕಾಶ ಒಂದು ಇತ್ತು."

"ಇವರನ್ನು ಎಂತದೂ ಹೇಳಬೇಡಿ ಡಾಕ್ಟ್ರೇ," ಮನೋರಮ ತಟ್ಟನೆ ಅಂದಳು. "ಇವರಿಗೆ ಗೊತ್ತೇ ಇರಲಿಲ್ಲ. ಮದ್ದು ಸ್ಟಾಕ್ ಇಲ್ಲ ಅಂತ ನಾನೇ ಸುಳ್ಳು ಹೇಳಿದ್ದು. ಗೊತ್ತಿದ್ದರೆ ಎಳೆದುಕೊಂಡು ಬರ್ತಿದ್ದರು. ಮೊದಲ ಸಲ ಎಳೆದುಕೊಂಡು ಬಂದದ್ದು ಇವಳೇ."

ಹಾಗೆ ಹೇಳುವಾಗ ಅವಳ ದನಿ ಗಟ್ಟಿಯಾಗಿತ್ತು. ಎಷ್ಟಾದರೂ ಅದು ಅವಳದೇ ತಪ್ಪು, ಅವಳೇ ಮಾಡಿದ್ದು, ಅವಳ ಹೊಟ್ಟೆಗೇ ಹಾಕಿಕೊಳ್ಳುವಂಥದ್ದು. ಕಳೆದ ಒಂದು ವಾರ ಬಸ್ಸಿನಲ್ಲೂ ಅಡಿಗೆಮನೆಯಲ್ಲೂ ಅವಳು ಹಿಡಿದುಕೊಂಡು ನಿಂತದ್ದು ಅದೊಂದನ್ನೇ. ಗೊತ್ತಿದ್ದರೆ ಎಳೆದುಕೊಂಡು ಬರುತ್ತಿದ್ದರು.

ಹೊರಗೆ ಲೀನಾ ಸಿಸ್ಟರ್ ಕಾದಿದ್ದರು. ಈ ಸಲ ಮಾತಿನಲ್ಲಿ ನಗುವಿರಲಿಲ್ಲ. ಮನೋರಮಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಎಂತ ಅಮ್ಮ, ಹೀಗೆ ಮಾಡಿದ್ದು? ನಾನು ಅಷ್ಟು ಹೇಳಿದ್ದೆ. ಮಗುವಿಗೆ ಎಂತದೂ ಆಗುದಿಲ್ಲ, ಕೈ ತೊಳೆದುಕೊಂಡರೆ ಸಾಕು, ಬೇಕಾದರೆ ಎರಡು ದಿನ ಬೇರೆಯವರು ಮೀಯಿಸಲಿ, ಹೇಗಾದರೂ ಕಳಿಸಿಕೊಡಿ ಅಂತ."

"ಯಾರ ಹತ್ರ ಹೇಳಿದ್ದು ಸಿಸ್ಟರ್?"

"ಫೋನಿನಲ್ಲಿ. ಎರಡು ಸಲ ಮಾಡಿದ್ದೆನಲ್ಲ. ನಿಮ್ಮ ಯಜಮಾನರು ತೆಗೆದರು."

ಮನೋರಮ ಗಂಡನ ಕಡೆ ತಿರುಗಿದಳು. ತಾರಾನಾಥ ಅಂಗಿಯ ಕಿಸೆಯನ್ನು ಮುಟ್ಟಿಕೊಂಡ. ಫೋನು ಅಲ್ಲೇ ಇತ್ತು.

"ನೀನು ಸ್ಟಾಕ್ ಇಲ್ಲ ಅಂದೆ. ಅವರು ಬನ್ನಿ ಅಂದರು," ಎಂದ. "ನಿನಗೇ ಮನಸ್ಸಿಲ್ಲ ಅಂತ ಗ್ರಹಿಸಿದೆ. ಮನೆಯಲ್ಲಿ ಬಾಣಂತಿ, ಕೂಸು... ನಾನು ಒಬ್ಬ ಗಂಡಸು ಎಂತ ಮಾಡ್ಲಿ? ಇವಳ ಹತ್ರ ಕೇಳಿದೆ."

ಲೀನಾ ಸಿಸ್ಟರ್ ಮೆಲ್ಲನೆ ಕೈ ಬಿಟ್ಟು ಒಳಗೆ ಹೋದರು.

ದೀಕ್ಷಿತಾ ಅಳುತ್ತಿದ್ದಳು. ಮಗುವಿನ ಟೊಪ್ಪಿಯ ಮೇಲೆ ಕಣ್ಣೀರು ಬೀಳುತ್ತಿತ್ತು. "ಅಪ್ಪ ಕೇಳಿದ್ರು ಅಮ್ಮ. ನಾನೇ ಹೇಳಿದ್ದು, ನಲ್ವತ್ತು ಆಗ್ಲಿ, ಆಮೇಲೆ ಕಳಿಸುವ ಅಂತ. ನನಗೆ ಹೆದರಿಕೆ ಆಗ್ತಿತ್ತು. ಹೊಲಿಗೆ ನೋಯ್ತಿತ್ತು, ಮಗು ಅಷ್ಟು ಸಣ್ಣ ಇತ್ತು, ನನಗೆ ಎತ್ತಲಿಕ್ಕೂ ಬರ್ತಿರಲಿಲ್ಲ. ನೀನು ಒಂದು ದಿನ ಇಲ್ಲದಿದ್ದರೆ ಹೇಗೆ ಅಂತಲೇ ಗೊತ್ತಾಗ್ತಿರಲಿಲ್ಲ. ಮಂಗಳವಾರ ಬಂದಾಗಲೆಲ್ಲ ನಾನು ನಿದ್ದೆ ಬಂದವಳ ಹಾಗೆ ಮಲಗಿಕೊಳ್ತಿದ್ದೆ."

ಮನೋರಮ ಬೆಂಚಿನ ಮೇಲೆ ಕೂತಳು. ಅವಳಿಗೆ ಆ ಮಂಗಳವಾರಗಳು ಒಂದೊಂದಾಗಿ ಕಣ್ಣೆದುರು ಬಂದವು. ಎಣ್ಣೆಯ ಬಟ್ಟಲು ಹಿಡಿದು ಕೋಣೆಗೆ ಹೋದಾಗ ಗೋಡೆಗೆ ಮುಖ ಮಾಡಿ ಮಲಗಿದ್ದ ಮಗಳು. ಪಾಪ, ದಣಿದಿದ್ದಾಳೆ ಎಂದು ಹೊದಿಕೆ ಎಳೆದು, ಕಾಲ ಸಪ್ಪಳವಾಗದಂತೆ ಹಿಂದೆ ಬಂದದ್ದು. ಜಗಲಿಯಲ್ಲಿ ಫೋನು ರಿಂಗಾದದ್ದು, ತಾರಾನಾಥ ಅಂಗಳಕ್ಕಿಳಿದು ಮಾತಾಡಿದ್ದು. ಬಸ್ಸಿನವರಿರಬೇಕು ಎಂದುಕೊಂಡಿದ್ದಳು. ಸುಳ್ಳು ಹೇಳಿದವಳು ತಾನೊಬ್ಬಳೇ ಎಂದು ಎಷ್ಟು ದಿನ ದೇವರ ಮುಂದೆ ತಪ್ಪು ಕಾಣಿಕೆ ಹಾಕಿದಳು. ಮನೆಯೊಳಗೆ ಮೂವರೂ ಎಚ್ಚರವಾಗಿಯೇ ಇದ್ದರು. ಅವಳ ಸುಳ್ಳಿನ ಕೆಳಗೆ ಮೂವರೂ ಬೆಚ್ಚಗೆ ಮಲಗಿದ್ದರು.

ಬೈಯಬೇಕು ಅನಿಸಲಿಲ್ಲ. ಮಗಳ ಮೇಲೆ ಕೋಪ ಬರಲಿಲ್ಲ. ಹೊಲಿಗೆ ನೋಯುವಾಗ ತಾನೂ ಇನ್ನೊಬ್ಬರ ಮನೆಗೆ ಎದ್ದು ಹೋದವಳು. ಮಗಳಿಗೆ ಹಾಗಾಗಬಾರದೆಂದೇ ಇದೆಲ್ಲ. ಹಾಗೆ ಆಗಲಿಲ್ಲವಲ್ಲ. ಮಗಳು ನಲ್ವತ್ತು ದಿನವೂ ಮಲಗಿದಳಲ್ಲ. ಅದೇ ಬೇಕಿತ್ತಲ್ಲವೇ? ಮತ್ತೇಕೆ ಎದೆ ಹೀಗೆ ಹಿಂಡುತ್ತದೆ ಎಂದು ಅವಳಿಗೇ ತಿಳಿಯಲಿಲ್ಲ. ಮೊದಲ ಸಲ ತನಗಾಗಿ ಊಟ ಬಿಡುತ್ತೇನೆ ಎಂದಿದ್ದ ಹುಡುಗಿ ಇವಳೇ.

"ಎಂತಾದರೂ ಹೇಳು ಅಮ್ಮ," ಎಂದಳು ದೀಕ್ಷಿತಾ. "ಬೈ. ಒಂದು ಪೆಟ್ಟು ಕೊಡು."

ಅಷ್ಟರಲ್ಲಿ ಮಗು ಎದ್ದು ಅಳತೊಡಗಿತು. ಕಾರಿಡಾರಿನ ಜನವೆಲ್ಲ ತಿರುಗಿ ನೋಡಿದರು. ದೀಕ್ಷಿತಾ ಕಣ್ಣೊರೆಸಿಕೊಳ್ಳಲು ಕೈ ಬೇಕಾಗಿ, ಎರಡು ತಿಂಗಳಿನ ಅಭ್ಯಾಸದಂತೆ ಮಗುವನ್ನು ತಾಯಿಯ ಕಡೆ ಚಾಚಿದಳು.

ಮನೋರಮಳ ಕೈಗಳು ಮಡಿಲಿನಲ್ಲಿದ್ದವು. ಅವು ಏಳಲಿಲ್ಲ.

"ಅಪ್ಪನ ಹತ್ರ ಕೊಡು," ಎಂದಳು.

ತಾರಾನಾಥ ಸುತ್ತ ನೋಡಿದ, ಬೇರೆ ಯಾರಾದರೂ ಇದ್ದಾರೋ ಎಂಬಂತೆ. ಮತ್ತೆ ಟಿಕೆಟ್ ಕೊಡುವವನ ಹಾಗೆ ಕಂಕುಳಿಗೆ ಒಂದು ಕೈ ಒತ್ತಿಕೊಂಡು, ಇನ್ನೊಂದನ್ನು ಮುಂದೆ ಮಾಡಿದ. ಅದು ಸಾಲದೆಂದು ತಿಳಿದು ಎರಡನ್ನೂ ಚಾಚಿದ. ಇನ್ನೂ ಕತ್ತು ನಿಲ್ಲದ ಕೂಸು. ಅದರ ತಲೆ ಒಂದು ಬದಿಗೆ ವಾಲಿತು. ಕತ್ತಿನ ಕೆಳಗೆ ಕೈ ಕೊಡಿ ಎಂಬ ಮಾತು ಮೂವತ್ತೊಂದು ವರ್ಷ ಎಷ್ಟು ಮನೆಗಳಲ್ಲಿ ಅವಳ ಬಾಯಿಂದ ತಾನಾಗಿ ಬಂದದ್ದೋ. ಈಗ ಬಾಯಿಯ ತನಕ ಬಂತು, ಅವಳು ಆಡಲಿಲ್ಲ.

ಸ್ವಲ್ಪ ತಡವಾಗಿ ಅವನ ಅಂಗೈ ಹುಡುಕುತ್ತಾ ಹೋಗಿ ಮಗುವಿನ ತಲೆಯ ಹಿಂದೆ ನಿಂತಿತು. ಮಗು ಅಳುತ್ತಲೇ ಇತ್ತು. ಮನೋರಮ ಕೂತಲ್ಲಿಂದಲೇ ನೋಡುತ್ತಿದ್ದಳು.